ಬಟ್ಟಲು ಎತ್ತುವ ಮುನ್ನ

ಯಗಟಿ
೧೨ನೇ ಜೂನ್ ೧೯೧೬

ಅಣ್ಣನಿಗೆ ತಂಗಿ ತೀರ್ಥಮ್ಮ ಮಾಡುವ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದಕ್ಕೆ ಇಷ್ಟು ದಿನ ಕೈ ಬರುತ್ತಿರಲಿಲ್ಲ. ಈವತ್ತು ಧೈರ್ಯವಾಗಿ ಬರೆಯುತ್ತೇನೆ. ನೀನು ಬಂದು ನೋಡಿಹೋದ ಮೇಲೆ ಕಳಿಸಿದ ಔಷಧಿ ನಮ್ಮತ್ತೆಗೆ ಹಿಡಿಸಿದೆ. ತೋಟದ ಬಾವಿ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರು ಕೂತು ಲಿಂಗಪೂಜೆ ಮಾಡಿದ್ದೇ ಇಲ್ಲ. ಮಲಗಿದಲ್ಲೇ ಅಂಗೈಯಲ್ಲಿ ಲಿಂಗ ಹಿಡಿದುಕೊಂಡು ಅಳುತ್ತಿದ್ದರು. ಈಗ ಗೋಡೆಗೆ ಒರಗಿ ಕೂರುತ್ತಾರೆ. ಮೊನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನನ್ನು ಚೆನ್ನಾಗಿ ಬೈದರು. ಬೈಸಿಕೊಂಡು ಇಷ್ಟು ಸಂತೋಷಪಟ್ಟ ಸೊಸೆ ಕಡೂರು ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ.

ನಿನ್ನ ಸೋದರಳಿಯ ಅಂಬೆಗಾಲಿಡಲು ಶುರುಮಾಡಿದ್ದಾನೆ. ತೀರಿಹೋದ ಮಾವನವರ ಹೆಸರೇ ಇರಲೆಂದು ಈರಪ್ಪ ಎಂದು ಕರೆದೆವಲ್ಲ, ಅದರಿಂದ ಒಂದು ಫಜೀತಿಯಾಗಿದೆ. ಗಂಡನ ಹೆಸರನ್ನು ಅತ್ತೆ ಬಾಯಲ್ಲಿ ಹೇಳುವ ಹಾಗಿಲ್ಲ. ಅದಕ್ಕೆ "ಸಣ್ಣ ಯಜಮಾನ್ರು" ಎನ್ನುತ್ತಾರೆ. "ಲೇ ತೀರ್ಥ, ಸಣ್ಣ ಯಜಮಾನ್ರು ಉಚ್ಚೆ ಹೊಯ್ಕಂಡವ್ರೆ, ಬಂದು ನೋಡೇ" ಎಂದು ಕೂಗಿದರೆ ಬೀದಿಯವರೆಲ್ಲ ನಗುತ್ತಾರೆ.

ಇನ್ನೊಂದು ಸೀಸೆ ಬೇಗ ಕಳಿಸು. ಬರುವಾಗ ಗಾಡಿ ಅಲುಗಾಡಿ ಸ್ವಲ್ಪ ಚೆಲ್ಲಿಹೋಯಿತು. ಮತ್ತೆ, ಅದು ಬಹಳ ಕಹಿಯಂತೆ. ಲಿಂಗಕ್ಕೆ ಅರ್ಪಿಸದೆ ಅತ್ತೆ ಏನನ್ನೂ ಬಾಯಿಗೆ ಹಾಕುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಇಂಥ ಕಹಿಯನ್ನು ಹೆಂಗಪ್ಪಾ ಅರ್ಪಿಸಲಿ ಎಂದು ಕೊರಗುತ್ತಾರೆ. ಏನಾದರೂ ಸಿಹಿ ಬೆರೆಸಲು ಆಗುತ್ತದೆಯೇ?

ನಿನ್ನ ತಂಗಿ
ತೀರ್ಥ

*

ಅಜ್ಜಂಪುರ
೧೯ನೇ ಜೂನ್ ೧೯೧೬

ಚಿ. ಸೌ. ತೀರ್ಥಮ್ಮನಿಗೆ ಅಣ್ಣನ ಆಶೀರ್ವಾದಗಳು.

ಸೀಸೆಗೆ ಬಿರಡೆ ಹಾಕಿ ಮೇಲೆ ಅರಗು ಬಿಗಿದವನು ನಾನೇ. ಗಾಡಿ ಅಲುಗಾಡಿದರೆ ಅದು ಚೆಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ಇರುವೆಗಳ ಮೇಲೆ ದೂರು ಹೇಳುತ್ತಿದ್ದವಳು ನೀನು. ಅತ್ತೆ ಅತ್ತಾಗಲೆಲ್ಲ ಬಗ್ಗಿಸಿ ಕೊಟ್ಟಿದ್ದೀಯೆ, ಅಲ್ಲವೆ? ನಿನ್ನ ಮನಸ್ಸು ಮೆತ್ತಗೆ ಎಂದು ನನಗೆ ಗೊತ್ತು. ಆದರೆ ಈ ಔಷಧಿಯ ವಿಷಯದಲ್ಲಿ ಮೆತ್ತಗಿನ ಮನಸ್ಸು ನಡೆಯುವುದಿಲ್ಲ.

ಅದರಲ್ಲಿರುವುದು ಅಫೀಮು. ಹೆಸರು ಕೇಳಿ ಬೆಚ್ಚಿ ಸೀಸೆಯನ್ನು ತಿಪ್ಪೆಗೆ ಎಸೆಯಬೇಡ, ಸೊಪ್ಪಿನ ಕಷಾಯದ ಹಾಗೆ ಬೇಕೆಂದಾಗ ಬಗ್ಗಿಸಲೂ ಬೇಡ. ನಿಮ್ಮತ್ತೆಯ ಮೂಳೆ ಸೊಟ್ಟಗೆ ಕೂಡಿದೆ, ಅವರ ನೋವು ಸುಳ್ಳಲ್ಲ. ನೋವಿಗೆ ಮದ್ದು ಬೇಕೇ ಬೇಕು. ಆದರೆ ಅವರು ಅತ್ತಾಗ ಕೊಡುತ್ತ ಹೋದರೆ ಮನಸ್ಸು ಸೀಸೆಯ ದಾರಿ ಕಾಯುವುದನ್ನು ಕಲಿತುಬಿಡುತ್ತದೆ, ಅಳು ಅವರಿಗೇ ತಿಳಿಯದ ಹಾಗೆ ಹೆಚ್ಚುತ್ತದೆ. ಆದ್ದರಿಂದ ಹೊತ್ತಿಗೆ ಕೊಡು. ಅವರು ಮೂರು ಹೊತ್ತೂ ಪೂಜೆ ಮಾಡುವವರು. ಪೂಜೆಗೆ ಕೂತಾಗ ಸೀಸೆಗೆ ಅಂಟಿಸಿರುವ ಕಾಗದದ ಒಂದು ಗೆರೆಯಷ್ಟು. ನಡುವೆ ಬೇಡಿದರೂ ಇಲ್ಲ, ಬೈದರೂ ಇಲ್ಲ. ಸೀಸೆ ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಬೆನಕಪ್ಪನವರ ಕೈಗೂ ಬೇಡ. ತಾಯಿ ಕಣ್ಣಲ್ಲಿ ನೀರು ಬಂದರೆ ನಿನ್ನ ಯಜಮಾನರು ಮನೆಯನ್ನೇ ಎತ್ತಿ ಕೊಡುವವರು.

ದಿನವೂ ಅತ್ತೆಯ ಕಣ್ಣು ನೋಡು. ನಡುವಿನ ಕಪ್ಪು ಬೊಟ್ಟು ಸಾಸಿವೆ ಕಾಳಿಗಿಂತ ಚಿಕ್ಕದಾಗಿ, ನೆರಳಿಗೆ ಬಂದರೂ ಅರಳದಿದ್ದರೆ, ಕರೆದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಮದ್ದು ಹೆಚ್ಚಾಗಿದೆ ಎಂದು ತಿಳಿ. ನಿದ್ದೆ ಮಾಡಗೊಡಬೇಡ. ಅಂಗಾಲು ತಟ್ಟಿ ಎಬ್ಬಿಸು, ಗಟ್ಟಿ ಕಾಫಿ ಕುಡಿಸು, ಗಾಡಿ ಕಟ್ಟಿಸಿ ಕಡೂರಿಗೆ ಕರೆದುಕೊಂಡು ಹೋಗು. ನಿಮ್ಮ ಮನೆಯಲ್ಲಿ ಕಾಫಿ ಬಳಕೆಯಿಲ್ಲವೆಂದು ಒಂದು ಪೊಟ್ಟಣ ಪುಡಿ ಕಳಿಸಿದ್ದೇನೆ. ಬೀಗರು ಬಂದರೆಂದು ಕಾಸಿ ಕೊಟ್ಟು ಮುಗಿಸಬೇಡ.

ನೀನು ಕೇಳಿದಂತೆ ಈ ಸಲ ಸಕ್ಕರೆ ಪಾಕ ಬೆರೆಸಿದ್ದೇನೆ. ನಮ್ಮ ಡಿಸ್ಪೆನ್ಸರಿಯ ಕಾಂಪೌಂಡರ್ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, ಪಾಯಸದ ಹಾಗಿದೆ ಸ್ವಾಮಿ ಎಂದ.

ನಿನ್ನ ಅಣ್ಣ
ಷಡಕ್ಷರಿ

*

ಯಗಟಿ
೧೦ನೇ ಜುಲೈ ೧೯೧೬

ಅಣ್ಣನಿಗೆ ಶರಣು.

ಇರುವೆಗಳ ಮೇಲೆ ದೂರು ಹೇಳಿದ್ದು ನಿಜ. ಗಾಡಿಯ ಮೇಲೆ ಹೇಳಿದ್ದೂ ಅದೇ ಜಾತಿಯದು. ಒಪ್ಪಿಕೊಂಡಿದ್ದೇನೆ, ಇನ್ನು ಆ ಮಾತು ಎತ್ತಬೇಡ.

ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮೊದಲ ವಾರ ಈ ಮನೆಯಲ್ಲಿ ನಾನು ಕೇಳದ ಮಾತಿಲ್ಲ. "ನೋವೇನು ಗಂಟೆ ನೋಡ್ಕಂಡು ಬತ್ತದಾ? ನಿನ್ ಸೊಂಟ ಮುರಿದಿದ್ರೆ ಗೊತ್ತಾಗದು" ಎಂದರು. "ಈ ಮನೆ ಕೀಲಿಕೈ ಮೂವತ್ತೊರ್ಸ ನನ್ ಸೊಂಟದಲ್ಲಿತ್ತು ಕಣೇ. ಈಗ ನಿನ್ನ ಕೈಯಾಗೆ ಬೇಡ್ಕಂಡು ಕುಡಿಯಂಗಾಯ್ತು" ಎಂದು ಎದೆ ಬಡಿದುಕೊಂಡರು. ನಾನು ಅಡಿಗೆಮನೆಗೆ ಹೋಗಿ ಅತ್ತು ಬಂದೆ; ಆದರೆ ಗಂಟು ಬಿಚ್ಚಲಿಲ್ಲ. ಎರಡನೇ ವಾರಕ್ಕೆ ಬೈಗುಳ ಕಡಿಮೆಯಾಯಿತು. ಈಗ ಪೂಜೆಯ ಹೊತ್ತಿಗೆ ತಾವೇ ಬೆಳ್ಳಿ ಬಟ್ಟಲನ್ನು ವಿಭೂತಿ ಹಾಕಿ ಉಜ್ಜಿ ಮುಂದಿಟ್ಟುಕೊಂಡಿರುತ್ತಾರೆ. ನಾನು ಗೆರೆ ನೋಡಿ ಬಗ್ಗಿಸಿ, ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದಿರುತ್ತೇನಲ್ಲ, ಹಾಗೇ ಒಳಗೆ ಓಡುತ್ತೇನೆ. ಅವರು ಲಿಂಗಕ್ಕೆ ಅರ್ಪಿಸಿ, ಕುಡಿದು, ಬಟ್ಟಲು ತೊಳೆದು ಆ ನೀರನ್ನೂ ಕುಡಿಯುತ್ತಾರೆ. ನಮ್ಮ ಅವ್ವ ಊಟದ ತಟ್ಟೆ ತೊಳೆದು ಕುಡಿಯುತ್ತಿದ್ದಳಲ್ಲ, ಅಷ್ಟೇ ನಿಷ್ಠೆ. ಪೂಜೆಯ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ.

ನಿನ್ನೆ ಕೋಲೂರಿಕೊಂಡು ಜಗಲಿಗೆ ಬಂದು ಕೂತಿದ್ದರು. ತೆಂಗಿನಕಾಯಿ ಎಣಿಸುವ ಆಳಿಗೆ ಅಲ್ಲಿಂದಲೇ ಗದರಿದರು. ಮನೆಯವರು ಒಳಗೆ ಬಂದು, ಅವ್ವ ಮತ್ತೆ ಅವ್ವ ಆದಳು ಎಂದು ಕಣ್ಣೊರೆಸಿಕೊಂಡರು. ನನಗೂ ಎದೆ ತುಂಬಿ ಬಂತು ಅಣ್ಣ.

ಈರಪ್ಪನೂ ಈಗ ಬಹಳ ಸಾಧುವಾಗಿದ್ದಾನೆ. ಪೂಜೆಯ ಹೊತ್ತಿಗೆ ಅಜ್ಜಿಯ ಮಡಿಲು ಸೇರಿ, ಪ್ರಸಾದ ನೆಕ್ಕಿಕೊಂಡು ಅಲ್ಲೇ ಮಲಗಿಬಿಡುತ್ತಾನೆ. ಮುಂಚಿನ ಹಾಗೆ ರಚ್ಚೆಯಿಲ್ಲ. ಹಾಲು ಮಾತ್ರ ಕಡಿಮೆ ಮಾಡಿದ್ದಾನೆ, ಹೊಟ್ಟೆಯೂ ಸರಿಯಾಗಿ ಹೋಗುತ್ತಿಲ್ಲ. ಹಲ್ಲು ಬರುತ್ತಿರಬೇಕು ಎಂದು ಅತ್ತೆ ಅನ್ನುತ್ತಾರೆ. ಅವರ ಮಡಿಲಲ್ಲಿ ಅದೇನು ಮಾಯೆಯಿದೆಯೋ, ನನ್ನ ಹತ್ತಿರ ಇಷ್ಟು ಸುಖವಾಗಿ ಅವನು ಎಂದೂ ಮಲಗಿಲ್ಲ.

ತೀರ್ಥ

*

ಅಜ್ಜಂಪುರ
೧೮ನೇ ಜುಲೈ ೧೯೧೬

ಚಿ. ಸೌ. ತೀರ್ಥಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನನಗೆ ಎರಡು ಅಂಗುಲ ಎತ್ತರವಾದ ಹಾಗೆ ಆಯಿತು. ತರೀಕೆರೆ ಆಸ್ಪತ್ರೆಯ ದೊಡ್ಡ ಡಾಕ್ಟರು ಹೋದ ತಿಂಗಳು ನನಗೆ ಹೇಳಿದ್ದರು: "ಹಳ್ಳಿಯ ಮನೆಗೆ ಅಫೀಮಿನ ಸೀಸೆ ಕೊಡ್ತೀಯೇನಯ್ಯಾ? ಒಂದೋ ಮುದುಕಿ ಅಮಲಿಗೆ ಬೀಳ್ತಾಳೆ, ಇಲ್ಲ ಮನೆಯೋರು ಕದ್ದು ಕುಡೀತಾರೆ." ನಾಳೆ ಅವರಿಗೆ ಉತ್ತರ ಬರೆಯುತ್ತೇನೆ. ನನ್ನ ತಂಗಿಯ ಸೆರಗಿನ ಗಂಟನ್ನು ಅವರು ನೋಡಿಲ್ಲ ಎಂದು ಬರೆಯುತ್ತೇನೆ.

ಹಲ್ಲು ಬರುವಾಗ ಮಕ್ಕಳು ಹಾಲು ಬಿಡುವುದುಂಟು. ಚಿಂತೆ ಬೇಡ. ನಿದ್ದೆಯಲ್ಲಿ ಅಳಿಯ ಸೋದರಮಾವನನ್ನು ಹೋಲುತ್ತಾನೆ, ಅಷ್ಟೇ.

ಅತ್ತೆಗೆ ಇನ್ನು ನಿಧಾನವಾಗಿ ಇಳಿಸೋಣ. ಮುಂದಿನ ಸೀಸೆಯಲ್ಲಿ ಗೆರೆ ಅಷ್ಟೇ ಇರುತ್ತದೆ, ಒಳಗಿನ ಮದ್ದು ಸ್ವಲ್ಪ ಕಡಿಮೆ. ಅವರಿಗೆ ಹೇಳಬೇಡ.

ಷಡಕ್ಷರಿ

*

ಅಜ್ಜಂಪುರ
೨೧ನೇ ಜುಲೈ ೧೯೧೬

ತೀರ್ಥ,

ಈ ಕಾಗದ ಕೈಸೇರಿದ ತಕ್ಷಣ ಈರಪ್ಪನನ್ನು ಬೆಳಕಿಗೆ ಹಿಡಿದು ಕಣ್ಣು ನೋಡು. ಮಿಕ್ಕಿದ್ದನ್ನು ಆಮೇಲೆ ಓದು.

ಬೆಳಿಗ್ಗೆ ಡಿಸ್ಪೆನ್ಸರಿಯಲ್ಲಿ ಒಬ್ಬ ಅಜ್ಜಿ ಜ್ವರದ ಔಷಧಿ ಕುಡಿದು, ಲೋಟದ ತಳವನ್ನು ಬೆರಳಲ್ಲಿ ಬಳಿದು ಮೊಮ್ಮಗಳ ನಾಲಿಗೆಗೆ ಹಚ್ಚಿದಳು. "ವಿಭೂತಿ ಇಟ್ಟು ಕುಡಿದಿವ್ನಿ, ಪ್ರಸಾದ ಅಲ್ವರಾ, ಮಗೀಗೂ ಇರ್ಲಿ" ಎಂದಳು. ಕಹಿಗೆ ಮಗು ಉಗುಳಿತು. ನಾನು ನಕ್ಕೆ. ನಗು ಮುಗಿಯುವ ಮೊದಲೇ ನಿನ್ನ ಕಾಗದ ನೆನಪಾಯಿತು. ಪ್ರಸಾದ ನೆಕ್ಕಿ ಮಲಗುತ್ತಾನೆ, ಹಾಲು ಕಡಿಮೆ, ಹೊಟ್ಟೆ ಹೋಗುತ್ತಿಲ್ಲ ಎಂದು ಬರೆದಿದ್ದೀಯೆ. ಅದನ್ನು ಓದಿ ನಾನು ಹಲ್ಲಿನ ಮಾತಾಡಿದೆ!

ನಿಮ್ಮತ್ತೆಯ ಔಷಧಿ ಕಹಿಯಲ್ಲ. ಸಿಹಿ ಮಾಡಿದವನು ನಾನು. ಅವನು ಉಗುಳುವುದಿಲ್ಲ.

ಆ ಬಟ್ಟಲು ಮಗುವಿನ ಹತ್ತಿರ ಹೋಗಕೂಡದು. ಅಷ್ಟು ಎಳೆಯ ಮೈಗೆ ಒಂದು ಗುಟುಕು ಸಾಕು. ಈ ಕಾಗದವನ್ನು ರೈಲಿನಲ್ಲಿ ಕಡೂರಿಗೆ ಕಳಿಸಿ ಅಲ್ಲಿಂದ ಆಳಿನ ಕೈಲಿ ಮುಟ್ಟಿಸುವ ಏರ್ಪಾಡು ಮಾಡಿದ್ದೇನೆ. ರಜಕ್ಕೆ ತರೀಕೆರೆಗೆ ತಂತಿ ಕೊಟ್ಟಿದ್ದೇನೆ.

ಅಣ್ಣ

*

ಯಗಟಿ
೨೨ನೇ ಜುಲೈ ೧೯೧೬, ಬೆಳಿಗ್ಗೆ

ಅಣ್ಣ,

ಮಗು ಬದುಕಿದೆ. ಅದನ್ನು ಮೊದಲು ಬರೆದು ಮಿಕ್ಕಿದ್ದನ್ನು ಹೇಳುತ್ತೇನೆ. ಆಳು ನಿನ್ನ ಕಾಗದ ಮುಟ್ಟಿಸುವಷ್ಟರಲ್ಲಿ ಎಲ್ಲ ನಡೆದುಹೋಗಿತ್ತು. ಈಗ ನನ್ನ ತೊಡೆಯ ಮೇಲೆ ಕೂತು ಈ ಕಾಗದವನ್ನು ಎಳೆಯುತ್ತಿದ್ದಾನೆ. ಅಕ್ಷರ ಸೊಟ್ಟಗಾದರೆ ಅವನೇ ಕಾರಣ.

ಮೊನ್ನೆ ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಹಾಲು ಕುಡಿಸೋಣವೆಂದು ಅತ್ತೆಯ ಮಡಿಲಿಂದ ಎತ್ತಿಕೊಂಡೆ. ತಲೆ ಹಿಂದಕ್ಕೆ ಬಿತ್ತು. ತುಟಿ ನೇರಳೆ ಬಣ್ಣವಾಗಿತ್ತು. ಉಸಿರು ಬರುತ್ತಿತ್ತು, ಆದರೆ ಒಂದು ಉಸಿರು ಬಂದ ಮೇಲೆ ಇನ್ನೊಂದು ಬರುವುದೋ ಇಲ್ಲವೋ ಎನ್ನುವಷ್ಟು ತಡವಾಗಿ. ನೀನು ಬರೆದದ್ದಕ್ಕೆ ದಿನವೂ ಅತ್ತೆಯ ಕಣ್ಣು ನೋಡುತ್ತಿದ್ದೆನಲ್ಲ, ಅದೇ ಅಭ್ಯಾಸದಲ್ಲಿ ಕೈ ತಾನಾಗಿ ಅವನ ರೆಪ್ಪೆ ಎತ್ತಿತು. ಒಳಗೆ ಸಾಸಿವೆ ಕಾಳು.

"ಏನು ಕೊಟ್ಟಿರಿ ಅತ್ತೆ?" ಎಂದು ಕಿರುಚಿದೆ.

"ಪ್ರಸಾದ ಕಣೇ. ದಿನಾ ಬೆರಳಾಗೆ ನೆಕ್ಕಿಸ್ತೀನಲ್ಲ. ಇವತ್ತು ನೋವು ಕಮ್ಮಿ ಇತ್ತು, ಪೂರಾ ಕುಡಿಯಾಕೆ ಮನಸ್ಸಾಗ್ಲಿಲ್ಲ, ಒಂದ್ ಗುಟುಕು ಉಳೀತು. ಲಿಂಗಕ್ಕೆ ಕೊಟ್ಟಿದ್ದ ಚೆಲ್ಲಾಕಾಯ್ತದಾ? ಸಣ್ಣ ಯಜಮಾನ್ರಿಗೆ ಕುಡಿಸ್ದೆ."

ಅಣ್ಣ, ಅವರ ನೋವು ಕಡಿಮೆಯಾಗಿತ್ತು. ಅದಕ್ಕೇ ಉಳಿಯಿತು.

ಅಂಗಾಲು ಕೆಂಪಾಗುವಂತೆ ತಟ್ಟಿದೆ. ನಿನ್ನ ಪೊಟ್ಟಣದ ಕಾಫಿಪುಡಿ ಕುದಿಸಿ, ಆರಿಸಿ, ಅವನು ಸ್ವಲ್ಪ ಮಿಸುಕಾಡಿದಾಗಲೆಲ್ಲ ಬಟ್ಟೆಯ ತುದಿಯಲ್ಲಿ ಅದ್ದಿ ತುಟಿಗೆ ಹಿಂಡಿದೆ. ಮನೆಯವರು ಗಾಡಿ ಕಟ್ಟಲು ಓಡಿದರು, ಎತ್ತಿನ ಕೊರಳಿಗೆ ಕಣ್ಣಿ ಹಾಕಲು ಅವರ ಕೈಯೇ ಬರುತ್ತಿರಲಿಲ್ಲ. ನಾನು ಮಗುವನ್ನು ಹೊತ್ತು ಹೊಸ್ತಿಲು ದಾಟುವಾಗ ಹಿಂದೆ ನೋಡಿದರೆ ಅತ್ತೆ ಕೋಲೂ ಇಲ್ಲದೆ ನೆಲದ ಮೇಲೆ ತೆವಳಿಕೊಂಡು ಬರುತ್ತಿದ್ದಾರೆ. ಹೊಸ್ತಿಲಿಗೆ ಬಂದು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಈರಪ್ಪಾ! ಲೋ ಈರಪ್ಪಾ! ಕಣ್ಬಿಡೋ!"

ಬೀದಿಯ ಹೆಂಗಸರು ನಿಂತಲ್ಲೇ ನಿಂತರು. ಆ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಅವರ ಮಗನೂ ಕೇಳಿರಲಿಲ್ಲ. ಮನೆಯವರು ಹಗ್ಗ ಹಿಡಿದುಕೊಂಡೇ ಅಳತೊಡಗಿದರು. ಈರಪ್ಪ ರೆಪ್ಪೆ ಅಲುಗಿಸಿದ. ಗಾಡಿಯಲ್ಲಿ ದಾರಿಯುದ್ದಕ್ಕೂ ಅವನ ಅಂಗಾಲು ತಟ್ಟುತ್ತ, ಚಿವುಟುತ್ತ ಹೋದೆ. ಕಡೂರು ಕಾಣುವಷ್ಟರಲ್ಲಿ ನನ್ನ ಹೆಣ್ಣುಜನ್ಮಕ್ಕೇ ಶಾಪ ಹಾಕುವ ಹಾಗೆ ಚೀರಿ ಅತ್ತ. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ಅಲ್ಲಿಯ ಡಾಕ್ಟರು ರಾತ್ರಿ ಇರಿಸಿಕೊಂಡು ಬೆಳಿಗ್ಗೆ ಕಳಿಸಿದರು.

ಮನೆಗೆ ಬಂದರೆ ಅತ್ತೆ ಪೆಟ್ಟಿಗೆಯ ಬೀಗ ಒಡೆಸಿ ಸೀಸೆಯನ್ನು ತಿಪ್ಪೆಗೆ ಬಗ್ಗಿಸಿದ್ದರು. ಇನ್ನು ಪ್ರಾಣ ಹೋದರೂ ಮುಟ್ಟುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿದ್ದಾರೆ. ಊರೆಲ್ಲ ಒಳ್ಳೆಯದಾಯಿತು ಎನ್ನುತ್ತಿದೆ. ನನಗೂ ಹಾಗೇ ಅನ್ನಿಸುತ್ತಿದೆ.

ತೀರ್ಥ

*

ಅಜ್ಜಂಪುರ
೨೭ನೇ ಜುಲೈ ೧೯೧೬

ಚಿ. ಸೌ. ತೀರ್ಥಮ್ಮನಿಗೆ,

ನಿನ್ನ ಕಾಗದ ಬಂತು. ನನಗೆ ರಜ ಸಿಗಲಿಲ್ಲ, ಆದ್ದರಿಂದ ಬರಲಾಗಲಿಲ್ಲ.

ಅತ್ತೆ ಮಾಡಿದ್ದೇ ಸರಿ. ಇನ್ನು ಮೇಲೆ ಈ ಡಿಸ್ಪೆನ್ಸರಿಯಿಂದ ಯಗಟಿಗೆ ಆ ಔಷಧಿಯ ಒಂದು ಹನಿಯೂ ಬರುವುದಿಲ್ಲ. ಏಕಾಏಕಿ ನಿಲ್ಲಿಸಿದ್ದರಿಂದ ಕೆಲವು ದಿನ ಆಕಳಿಕೆ, ಕಣ್ಣಲ್ಲಿ ಮೂಗಿನಲ್ಲಿ ನೀರು, ಹೊಟ್ಟೆನೋವು, ಚಳಿ ಇರುತ್ತದೆ. ಗಂಜಿ ಕೊಡು. ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕು. ವಯಸ್ಸಾದವರಿಗೆ ಅಷ್ಟಿಷ್ಟು ನೋವು ಇದ್ದದ್ದೇ. ಸಹಿಸಬೇಕು.

ದೊಡ್ಡ ಡಾಕ್ಟರು ಹೇಳಿದ್ದನ್ನು ಆಗಲೇ ಕೇಳಬೇಕಾಗಿತ್ತು. ಈ ವಿಷಯ ಇಲ್ಲಿಗೆ ಮುಗಿಯಲಿ.

ಷಡಕ್ಷರಿ

*

ಯಗಟಿ
೪ನೇ ಆಗಸ್ಟ್ ೧೯೧೬

ಅಣ್ಣನಿಗೆ,

ಮುಗಿಯಲಿ ಎಂದು ನೀನು ಬರೆದರೆ ಮುಗಿಯುತ್ತದೆಯೇ? ಅಜ್ಜಂಪುರದಲ್ಲಿ ಮುಗಿದಿರಬಹುದು. ಯಗಟಿಗೆ ಬಂದು ನೋಡು.

ನೀನು ಹೇಳಿದ ಆಕಳಿಕೆ, ಚಳಿ, ಹೊಟ್ಟೆನೋವು ಎಲ್ಲ ಬಂದು ಹೋದವು. ನೋವು ಮಾತ್ರ ಹೋಗಲಿಲ್ಲ. ಬಿಸಿ ಎಣ್ಣೆ ಹಾಕಿದ ಕೈಯನ್ನೇ ಕಚ್ಚಲು ಬಂದರು. ಮತ್ತೆ ಮಲಗಿದಲ್ಲೇ ಪೂಜೆ. ಆಣೆಯ ಮಾತು ನೆನಪಿಸಿಕೊಂಡು ಬಾಯಿಗೆ ಸೆರಗು ತುರುಕಿಕೊಂಡು ನರಳುತ್ತಿದ್ದರು. ಊರಿನವರು ಎಂಥಾ ಗಟ್ಟಿ ಹೆಂಗಸು ಎಂದು ಹೊಗಳಿ ಹೋದರು. ಹೊಗಳಿದವರು ಯಾರೂ ಅವರನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಲಿಲ್ಲ.

ಹೋದ ಸೋಮವಾರದಿಂದ ಅತ್ತೆ ನರಳುವುದು ನಿಂತಿತು. ಬಸವಣ್ಣ ಕಣ್ಣು ಬಿಟ್ಟ ಎಂದುಕೊಂಡೆ. ಊಟಕ್ಕೆ ಎಬ್ಬಿಸಿದರೆ ತುತ್ತು ಬಾಯಲ್ಲೇ ಇಟ್ಟುಕೊಂಡು ತೂಗಡಿಸಿದರು. ಕಣ್ಣು ನೋಡಿದೆ. ಮತ್ತೆ ಸಾಸಿವೆ. ದಿಂಬಿನ ಕೆಳಗೆ ಎಲೆಯಲ್ಲಿ ಸುತ್ತಿದ ಅಫೀಮಿನ ಕರೀ ಉಂಡೆ ಸಿಕ್ಕಿತು. ಸಂತೆಗೆ ಹೋಗಿದ್ದ ಮನೆಯವರು ತಂದುಕೊಟ್ಟದ್ದು. ಅದಕ್ಕೆ ಗೆರೆಯಿಲ್ಲ, ಹೊತ್ತಿಲ್ಲ. ಉಗುರಲ್ಲಿ ಕಿತ್ತು ಚಪ್ಪರಿಸುವುದು, ಅಷ್ಟೇ. "ಅವ್ವ ಸಾಯ್ತೀನಿ ಅಂದ್ಲು ಕಣೇ, ನಾನೇನ್ ಮಾಡ್ಲಿ?" ಎಂದು ನನ್ನ ಮುಂದೆ ತಲೆ ತಗ್ಗಿಸಿ ಕೂತರು. ಮದುವೆಯಾದ ಮೇಲೆ ಮೊದಲ ಸಲ ನಾನು ಅವರಿಗೆ ಎದುರು ಮಾತಾಡಿದೆ. ಉಂಡೆಯನ್ನು ಅವರ ಮುಂದೆಯೇ ಒಲೆಗೆ ಹಾಕಿದೆ. ಆಮೇಲೆ ಇಬ್ಬರೂ ಅತ್ತೆವು.

ಅಣ್ಣ, ಸಹಿಸಬೇಕು ಎಂದು ಬರೆದಿದ್ದೀಯೆ. ಅವರ ನೋವು ಸುಳ್ಳಲ್ಲ ಎಂದು ಬರೆದವನೂ ನೀನೇ. ಆ ಎರಡು ಕಾಗದಗಳ ನಡುವೆ ಅವರ ಮೂಳೆಯೇನು ನೆಟ್ಟಗಾಯಿತೆ? ನೀನು ಹೆದರಿದ್ದೀಯೆ. ಹೆದರಬೇಕಾದ್ದೇ. ನಾನು ಅವನ ತುಟಿಯ ಬಣ್ಣ ಕಂಡವಳು, ನನಗಿಂತ ಹೆಚ್ಚು ನೀನು ಹೆದರಲಾರೆ. ಆದರೂ ಕೇಳುತ್ತಿದ್ದೇನೆ: ಔಷಧಿ ಕಳಿಸು. ಮಗುವಿಗೆ ಅಪಾಯ ಬಂದದ್ದು ನಾನು ಬಗ್ಗಿಸಿ ರೊಟ್ಟಿ ಸುಡಲು ಓಡಿದ್ದರಿಂದ, ನೀನು ಪಾಯಸ ಮಾಡಿದ್ದರಿಂದ. ಈ ಸಲ ರೊಟ್ಟಿ ಸೀದುಹೋಗಲಿ. ಬಟ್ಟಲು ಬರಿದಾಗಿ ಒರೆಸಿಡುವ ತನಕ ನಾನು ಅಲ್ಲಿಂದ ಏಳುವುದಿಲ್ಲ.

ನೀನು ಕಳಿಸದಿದ್ದರೆ ಸಂತೆಯವನು ಕೊಡುತ್ತಾನೆ. ಅವನು ನನಗೆ ಕಣ್ಣು ನೋಡು ಎಂದು ಕಾಗದ ಬರೆಯುವುದಿಲ್ಲ.

ತೀರ್ಥ

*

ಅಜ್ಜಂಪುರ
೯ನೇ ಆಗಸ್ಟ್ ೧೯೧೬

ತೀರ್ಥ,

ರಜ ಸಿಗಲಿಲ್ಲ ಎಂದು ಬರೆದದ್ದು ಸುಳ್ಳು. ಅವತ್ತೇ ಸಿಕ್ಕಿತ್ತು. ಚೀಲ ಹಿಡಿದು ಸ್ಟೇಷನ್ನಿಗೆ ಹೊರಟಾಗ ಅಂಚೆಯವನು ದಾರಿಯಲ್ಲೇ ನಿನ್ನ ಜುಲೈ ಕಾಗದ ಕೊಟ್ಟ. ಮಗು ಬದುಕಿದೆ ಎಂದು ಓದಿದ ಮೇಲೆ ನಿಮ್ಮತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ. ರೈಲು ಬಂತು, ಹೋಯಿತು, ನಾನು ಮನೆಗೆ ಬಂದೆ. ಈ ಸಲ ಹತ್ತುತ್ತೇನೆ. ಭಾನುವಾರ ಕಡೂರಿಗೆ ಗಾಡಿ ಕಳಿಸು.

ಸೀಸೆಯನ್ನು ನಾನೇ ತರುತ್ತೇನೆ. ಸಣ್ಣದು, ಒಂದು ವಾರಕ್ಕಾಗುವಷ್ಟೇ. ಖಾಲಿ ಸೀಸೆ ಇಲ್ಲಿಗೆ ಬಂದ ಮೇಲೆ ಇನ್ನೊಂದು. ಸಕ್ಕರೆ ಇರುವುದಿಲ್ಲ. ಬೇವಿಗಿಂತ ಕಹಿಯಾದದ್ದನ್ನು ಹುಡುಕಿ ಬೆರೆಸಿದ್ದೇನೆ, ಒಂದು ಹನಿ ರುಚಿ ನೋಡಿದ ಕಾಂಪೌಂಡರ್ ಈಗ ನನ್ನ ಮುಖವನ್ನೇ ನೋಡುವುದಿಲ್ಲ. ಇಳಿಸುವುದನ್ನು ಕದ್ದು ಮಾಡ ಹೊರಟಿದ್ದೆನಲ್ಲ, ಅದೂ ಬೇಡ. ಅತ್ತೆಗೆ ಎಲ್ಲವನ್ನೂ ಹೇಳಿ, ಅವರು ಒಪ್ಪಿದಷ್ಟೇ ಇಳಿಸೋಣ. ಪೂರ್ತಿ ಬಿಡಿಸುವ ಹಟ ನನಗಿಲ್ಲ. ಅವರು ಕೂತು ಪೂಜೆ ಮಾಡಬೇಕು, ನಿನ್ನನ್ನು ಬೈಯಬೇಕು, ಅಷ್ಟಕ್ಕೆ ಎಷ್ಟು ಬೇಕೋ ಅಷ್ಟು. ಬೆನಕಪ್ಪನವರನ್ನೂ ಕೂರಿಸಿಕೊಂಡು ಮಾತಾಡುತ್ತೇನೆ, ಬೈಯುವುದಿಲ್ಲ.

ಒಂದು ಗಂಟು ಮಾತ್ರ ನನ್ನಿಂದ ಬಿಚ್ಚಲಾಗುತ್ತಿಲ್ಲ. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ. ಪ್ರಸಾದ ಚೆಲ್ಲುವ ಹಾಗಿಲ್ಲ, ಇಲ್ಲವೆನ್ನುವ ಹಾಗಿಲ್ಲ, ಹಂಚದೆ ಅವರ ಕೈ ನಿಲ್ಲುವುದಿಲ್ಲ. ಅರ್ಪಿಸದೆ ಕುಡಿಯಿರಿ ಎಂದು ಅವರಿಗೆ ಹೇಳಲು ನಾನು ಯಾರು? ಆಣೆ ಬೇರೆ ಮಾಡಿದ್ದಾರೆ. ಅವರನ್ನೇ ಕೇಳಿ ನೋಡೋಣ.

ಅಣ್ಣ

*

ಯಗಟಿ
೧೮ನೇ ನವೆಂಬರ್ ೧೯೧೬

ಅಣ್ಣನಿಗೆ ತೀರ್ಥ ಮಾಡುವ ಶರಣು.

ನೀನು ಬಂದುಹೋದ ಮೇಲೆ ಸೀಸೆ ಬಂತು, ಸೀಸೆ ಹೋಯಿತು, ನೀನು ಮಾತ್ರ ಬರಲಿಲ್ಲ. ಅತ್ತೆ ದಿನಕ್ಕೊಂದು ಸಲ "ನಿಮ್ಮಣ್ಣ ಅಂತ ಬಂದ್ನಲ್ಲ, ಬೇವಿನ ಡಾಕ್ಟ್ರು, ಅವ್ನು ಎಲ್ಲವ್ನೆ?" ಎಂದು ಕೇಳುತ್ತಾರೆ. ಅವತ್ತು ನೀನು ಅವರ ಕಾಲ ಹತ್ತಿರ ಕೂತು, ತಪ್ಪು ನನ್ನದೂ ಇದೆ ಎಂದೆಯಲ್ಲ, ಅದನ್ನು ಅವರು ಮರೆತಿಲ್ಲ. ಡಾಕ್ಟರು ಹಾಗೆ ಹೇಳಿದ್ದನ್ನು ಈ ಊರು ಎಂದೂ ಕಂಡಿಲ್ಲವಂತೆ.

ಆಣೆಯ ವಿಷಯ ನೆನಪಿದೆಯೆ? ನೀನು ಕೇಳಿದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನೀನು ಹೊರಟ ಮೇಲೆ ನನ್ನನ್ನು ಕರೆದರು. "ಆಣೆ ಇಟ್ಟಿದ್ದು ಮಗೀನ ಭಯಕ್ಕೆ ಕಣೇ. ಮಗೀಗೆ ತಾಕದಂಗೆ ನೋಡ್ಕಂಡ್ರೆ ಆಣೆ ತೀರ್ದಂಗೇ. ಲಿಂಗಕ್ಕೆ ಕೊಡೋದು ಬಿಡಲ್ಲ. ಕೊಟ್ಟಿದ್ದು ನನ್ನ ದಾಟಿ ಮುಂದಕ್ಕೆ ಹೋಗ್ಬಾರ್ದು, ಅಷ್ಟೇ ತಾನೇ? ಅದಕ್ಕೆ ನಾನಿವ್ನಿ" ಎಂದರು. ಮಠದ ಅಯ್ಯನವರು ಬಂದಾಗ ಅವರನ್ನೂ ಕೇಳಿಸಿದೆ. "ಮದ್ದು ಯಾರ ರೋಗಕ್ಕೆ ಬಂತೋ ಅವರಿಗೇ ಪ್ರಸಾದ, ಬೇರೆಯವರಿಗೆ ಅದು ಬರೀ ಮದ್ದು" ಎಂದು ಹೇಳಿ ಹೋದರು. ಅತ್ತೆ ನನ್ನ ಕಡೆ ನೋಡಿ, ನಾನು ಹೇಳಲಿಲ್ಲವೇ ಎನ್ನುವ ಹಾಗೆ ಹುಬ್ಬು ಹಾರಿಸಿದರು.

ಮೂರು ತಿಂಗಳು ಸುಲಭವಾಗಿರಲಿಲ್ಲ. ನಿನಗೆ ಎಲ್ಲ ದಿನಗಳನ್ನೂ ಬರೆಯಲಿಲ್ಲ. ದಸರೆಯ ಹೊತ್ತಿನಲ್ಲಿ ಒಂದು ಸಲ ನನ್ನ ಸೆರಗು ಹಿಡಿದು ಎಳೆದು, ಗಂಟು ಹಲ್ಲಿನಲ್ಲಿ ಬಿಚ್ಚಲು ನೋಡಿದರು. ನಾನು ಅವರ ಕೈ ಬಿಡಿಸಿಕೊಳ್ಳಲಿಲ್ಲ, ಕೊಡಲೂ ಇಲ್ಲ. ಸಂಜೆಯ ಪೂಜೆ ಆಗುವ ತನಕ ಹಾಗೇ ಇಬ್ಬರೂ ಕೂತಿದ್ದೆವು. ಆಮೇಲೆ ಅವರಿಗೆ ನಾಚಿಕೆಯಾಗಿ ನನ್ನ ಸೆರಗಿನ ಸುಕ್ಕನ್ನು ಅಂಗೈಯಲ್ಲಿ ತೀಡಿ ನೆಟ್ಟಗೆ ಮಾಡಿದರು. ಅವತ್ತಿನಿಂದ ಅವರು ನನಗೆ ಅತ್ತೆಯಲ್ಲ ಅಣ್ಣ, ಬೇರೆ ಏನೋ ಆಗಿದ್ದಾರೆ. ಮನೆಯವರು ಸಂತೆಗೆ ಹೋದರೆ ಈಗ ವೀಳ್ಯದೆಲೆ ಮಾತ್ರ ತರುತ್ತಾರೆ. ಗಾಡಿ ಇಳಿಯುವ ಮೊದಲೇ ಚೀಲವನ್ನು ನನ್ನ ಮುಂದೆ ಕೊಡವಿ ತೋರಿಸುತ್ತಾರೆ, ನಾನು ಕೇಳದಿದ್ದರೂ.

ನಿನ್ನೆ ಮಧ್ಯಾಹ್ನ ನಡೆದದ್ದನ್ನು ಬರೆಯಲೆಂದೇ ಈ ಕಾಗದ. ಎಂದಿನಂತೆ ಪೂಜೆಗೆ ಕೂತಿದ್ದರು. ಬಟ್ಟಲು ಉಜ್ಜಿ ಇಟ್ಟಿತ್ತು. ನಾನು ಸೀಸೆ ಎತ್ತಿದೆ. ಅವರು ಬಟ್ಟಲಿನ ಬಾಯಿಗೆ ಅಂಗೈ ಮುಚ್ಚಿದರು.

"ಮಧ್ಯಾಹ್ನದ್ದು ಬಗ್ಗಿಸ್ಬೇಡ ಕಣೇ."

"ಯಾಕತ್ತೆ? ನೋವಿಲ್ಲವೆ?"

"ಐತೆ. ತಡ್ಕಳಂಗೈತೆ. ಬಗ್ಗಿಸಿದ್ಮೇಲೆ ಉಳಿದ್ರೆ ಚೆಲ್ಲಂಗಿಲ್ಲ. ಅದಕ್ಕೇ ಬಗ್ಗಿಸೋಕ್ ಮುಂಚೇನೇ ಹೇಳ್ತಿವ್ನಿ."

ನಾನು ಬಿರಡೆ ಹಾಕಿ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟೆ. ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಬೆಳಿಗ್ಗೆ, ಸಂಜೆಯದು ಬೇಕು ಎಂದಿದ್ದಾರೆ. ಬೇಕಾಗಿಯೇ ಇದೆ, ಕಣ್ಣೆದುರಿಗೆ ಕಾಣುತ್ತದೆ. ಅದನ್ನು ಕಿತ್ತುಕೊಳ್ಳುವ ಆತುರ ನಮಗೆ ಯಾರಿಗೂ ಇಲ್ಲ. ನೀನು ಮುಂದಿನ ಸೀಸೆಯಲ್ಲಿ ಮಧ್ಯಾಹ್ನದ ಗೆರೆ ಹಾಕಬೇಡ, ಅಷ್ಟೇ.

ಇನ್ನೊಂದು ಹೇಳಬೇಕು. ಪೂಜೆಯ ಹೊತ್ತಿಗೆ ಮಗುವನ್ನು ಹೊರಗೆ ಕರೆದುಕೊಂಡು ಹೋಗಬೇಕೆಂಬುದು ಅತ್ತೆಯದೇ ಕಟ್ಟಳೆ. ಮನೆಯವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಟ್ಟಿಯ ಆಚೆ ಕರುವಿನ ಹತ್ತಿರ ನಿಲ್ಲುತ್ತಾರೆ. ನಾನು ಬಗ್ಗಿಸುತ್ತೇನೆ. ಅತ್ತೆ ಅರ್ಪಿಸುತ್ತಾರೆ. ಆದರೆ ಒಡನೆ ಕುಡಿಯುವುದಿಲ್ಲ. ಬಟ್ಟಲನ್ನು ನೆಲದ ಮೇಲೇ ಇಟ್ಟುಕೊಂಡು, ಕತ್ತು ಎತ್ತಿ, ಹಟ್ಟಿಗೆ ಕೇಳುವ ಹಾಗೆ ಕೂಗುತ್ತಾರೆ:

"ಈರಪ್ಪಾ!"

ಸಣ್ಣ ಯಜಮಾನರು ಎಂಬ ಮಾತು ಆಷಾಢಕ್ಕೇ ಹೋಯಿತು. ಗಂಡನ ಹೆಸರು ಹಿಡಿದು ಕೂಗುತ್ತೀಯಲ್ಲ ಎಂದು ಯಾರೋ ಆಡಿಕೊಂಡರೆ, "ಕೂಗಿದ್ದಕ್ಕೇ ಎದ್ದ. ಇನ್ನೂ ಕೂಗ್ತೀನಿ" ಎಂದುಬಿಟ್ಟರು.

ಅವನಿಗೆ ಈಗ ಒಂದು ವರ್ಷ. ಬೇರೆ ಮಾತು ಬರುವುದಿಲ್ಲ, ಇದೊಂದನ್ನು ಕಲಿತಿದ್ದಾನೆ. ಅಪ್ಪನ ಹೆಗಲ ಮೇಲಿಂದ, ಕರುವಿನ ಕಿವಿ ಹಿಡಿದುಕೊಂಡು, ಉದ್ದಕ್ಕೆ "ಓ" ಎನ್ನುತ್ತಾನೆ.

ಅದು ಕಿವಿಗೆ ಬಿದ್ದ ಮೇಲೆಯೇ ಅತ್ತೆ ಬಟ್ಟಲು ಎತ್ತುತ್ತಾರೆ.

ತೀರ್ಥ